ಧೂಳು ಕೂರುವ ತನಕ

ಅಕ್ಟೋಬರ್ ೨೧

ಮಾತು ಹೊರಗೆ ಬಿಟ್ಟರೆ ಮನೆಯಲ್ಲಿ ಜಗಳ, ಒಳಗೇ ಇಟ್ಟುಕೊಂಡರೆ ಹೊಟ್ಟೆಯುಬ್ಬರ. ಅದಕ್ಕೆ ದೊಡ್ಡ ಮಗಳ ಮಗಳು ಅರ್ಧ ಗೀಚಿ ಬಿಟ್ಟುಹೋದ ಪುಸ್ತಕದಲ್ಲಿ ಬರೆಯುತ್ತೇನೆ. ನಾಲ್ಕನೇ ಕ್ಲಾಸು ಮುಗಿಯುವ ಮೊದಲೇ ಅಪ್ಪ ನನ್ನನ್ನು ಕುರಿಗಳ ಹಿಂದೆ ಬೆಟ್ಟಕ್ಕೆ ಅಟ್ಟಿದ. ನನ್ನ ಅಕ್ಷರ ಕುರಿ ಹಿಕ್ಕೆಯ ಹಾಗೆ ಉದುರಿದ್ದರೆ ತಪ್ಪು ಅವನದು. ಓದುವವರು ಯಾರೂ ಇಲ್ಲ.

ಮಗ ಎರ್ನಿಸ್ ಲಾರಿಯ ಚಕ್ರವನ್ನು ಒಬ್ಬನೇ ಎತ್ತಲು ಹೋಗಿ ಬೆನ್ನು ಕೆಡಿಸಿಕೊಂಡ. ಬಿಷ್ಕೆಕ್‌ನ ಆಸ್ಪತ್ರೆಯಲ್ಲಿ ಕೊಯ್ದು ಹೊಲಿದು ಮನೆಗೆ ಕಳಿಸಿದ್ದಾರೆ. ಸದ್ಯಕ್ಕೆ ಏಳಬಾರದಂತೆ. ಗಡ್ಡ ಬಂದ ಮಗನ ಮುಖ ಒರೆಸುವುದು, ಸೊಂಟದ ಕೆಳಗೆ ತಟ್ಟೆ ಇಡುವುದು. ಅವನಿಗೂ ಸಾಕಾಗಿದೆ, ನನಗೂ ಸಾಕಾಗಿದೆ.

ಹಿಮ ಬೀಳುವ ಮುಂಚೆ ನಮ್ಮೂರು ಟೊಕ್ಮೊಕ್‌ನ ಕಾರುಗಳೆಲ್ಲ ಚಳಿಗಾಲದ ಟೈರು ಹಾಕಿಕೊಳ್ಳಬೇಕು. ಟೈರು ಬಿಚ್ಚಿದಾಗ ರಿಮ್ಮಿನ ತುಕ್ಕು ಕಾಣುತ್ತದೆ, ಕಂಡವರು ಅದನ್ನು ತೆಗೆಸಲು ನಮ್ಮ ಗೇಟಿಗೆ ಬರುತ್ತಾರೆ. ಶೆಡ್ಡಿನ ಗೋಡೆಯುದ್ದಕ್ಕೂ ರಿಮ್ಮುಗಳು ರೊಟ್ಟಿ ಪೇರಿಸಿದ ಹಾಗೆ ಪೇರಿಸಿವೆ. ಮಾಡುವವನು ಮಲಗಿದ್ದಾನೆ. "ನಾನು ಮಾಡ್ತೀನಿ" ಅಂದಳು ಸೊಸೆ. ಈ ಮನೆಗೆ ಬಂದು ಎರಡು ವರ್ಷವಾಯಿತು, ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ನಮ್ಮ ಮನೆತನದ ಹೆಂಗಸರು ಕುದುರೆಯ ಹಾಲು ಕರೆದಿದ್ದಾರೆ, ಉಣ್ಣೆ ತುಳಿದು ಕಂಬಳಿ ಮಾಡಿದ್ದಾರೆ. ಯಂತ್ರದ ಮುಂದೆ ಯಾರೂ ನಿಂತಿರಲಿಲ್ಲ. ಬೇಡ ಅನ್ನೋಣವೆಂದರೆ ಬೇರೆ ದಾರಿ ಇರಲಿಲ್ಲ, ಹೂಂ ಅಂದೆ.

ಆ ಯಂತ್ರ, ಅಂದರೆ ಮರಳು ಪೆಟ್ಟಿಗೆ, ಒಂದು ಎಳೆಗರು ನಿಲ್ಲುವಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆ. ಮೇಲೆ ಧೂಳು ಹೀರುವ ಫ್ಯಾನು, ಮುಂದೆ ಗಾಜಿನ ಕಿಟಕಿ, ಅದರ ಕೆಳಗೆ ಎರಡು ತೂತು, ತೂತಿಗೆ ಮೊಣಕೈವರೆಗಿನ ರಬ್ಬರ್ ಕೈಗವಸು. ರಿಮ್ಮು ಒಳಗಿಟ್ಟು ಬಾಗಿಲು ಜಡಿದು, ಕೈ ತೂರಿಸಿ, ಕಾಲಲ್ಲಿ ಪೆಡಲ್ ಒತ್ತಿದರೆ ನಳಿಗೆಯಿಂದ ಕಪ್ಪು ಕಾಳು ಗಾಳಿಯ ಜೊತೆ ಸಿಡಿದು ತುಕ್ಕು, ಬಣ್ಣ ಎಲ್ಲವನ್ನೂ ಕೆರೆದು ಹಾಕುತ್ತದೆ. ಹೆಸರು ಮರಳು ಪೆಟ್ಟಿಗೆ, ಆದರೆ ಮರಳು ಎದೆ ತಿನ್ನುತ್ತದೆ ಎಂದು ಎರ್ನಿಸ್ ಒಂದು ಹಿಡಿ ಮರಳೂ ಹಾಕುವುದಿಲ್ಲ. ಹೆಸರೊಂದು, ಹೊಟ್ಟೆಯಲ್ಲಿ ಇನ್ನೊಂದು. ನಮ್ಮ ನೆಂಟರ ಹಾಗೆ.

ಎರ್ನಿಸ್ ಮಲಗಿದ್ದಲ್ಲಿಂದಲೇ ಕೂಗುತ್ತಾನೆ: "ಜಿಪಾರಾ, ಫ್ಯಾನು ಹಾಕಿದ್ಯಾ? ಕೈಗವಸು ನೋಡಿದ್ಯಾ? ಚಿಲಕ ಬಿದ್ದಿದ್ಯಾ? ಮುಗಿದ ಮೇಲೂ ಫ್ಯಾನು ಓಡ್ಲಿ, ಕಿಟಕಿ ತಿಳಿಯಾಗೋ ತನಕ ಬಾಗಿಲು ತೆಗೀಬೇಡ. ಮಾಸ್ಕ್ ಮಾತ್ರ ತೆಗೀಲೇಬೇಡ."

"ಆಯ್ತು, ಆಯ್ತು," ಅನ್ನುತ್ತಾಳೆ ಸೊಸೆ.

ಐದು ಹೊತ್ತಿನ ನಮಾಜನ್ನು ಅವನು ಇಷ್ಟು ನಿಷ್ಠೆಯಿಂದ ಮಾಡಿದ್ದರೆ ಬೆನ್ನು ಉಳಿಯುತ್ತಿತ್ತು.

ಅಕ್ಟೋಬರ್ ೨೬

ನಾಚಿಕೆಯಾಯಿತು.

ಮಗ ಮಲಗಿದ್ದಾನೆಂದು ಊರೆಲ್ಲ ನೋಡಲು ಬರುತ್ತಿದೆ. ಬರಲೇಬೇಕು, ಬರದಿದ್ದರೆ ನಾನೇ ಬೈಯುತ್ತೇನೆ. ಆದರೆ ನಮ್ಮ ಮನೆಯ ದಾರಿ ಶೆಡ್ಡಿನ ಮೂಲಕ. ತೀರಿಹೋದ ನನ್ನ ಗಂಡ ಲಾರಿ ಒಳಗೆ ನಿಲ್ಲಲೆಂದು ಹಾಗೆ ಕಟ್ಟಿಸಿದ. ಬೀದಿ ಗೇಟು, ಆಮೇಲೆ ಶೆಡ್ಡು, ಆಮೇಲೆ ಅಂಗಳ, ಆಮೇಲೆ ಮನೆ. ಬಂದವರೆಲ್ಲ ಆ ಪೆಟ್ಟಿಗೆಯ ಪಕ್ಕದಲ್ಲೇ ಹಾದು ಬರಬೇಕು.

ಇವತ್ತು ಶಾರ್ಶೆನ್ ಭಾವ ಬಂದರು. ನನ್ನ ಗಂಡನ ಅಣ್ಣ, ಈ ಮನೆತನಕ್ಕೆ ಈಗ ಅವರೇ ಹಿರಿಯರು. ಸೊಸೆ ಎರಡೂ ಕೈ ಪೆಟ್ಟಿಗೆಯೊಳಗೆ ಇಟ್ಟುಕೊಂಡು, ಮೂತಿಗೆ ಎರಡು ಡಬ್ಬಿಯ ಮಾಸ್ಕ್ ಹಾಕಿಕೊಂಡು, ತಲೆ ಮಾತ್ರ ಆಡಿಸಿದಳಂತೆ. ಕುದುರೆ ನೊಣ ಓಡಿಸಿದ ಹಾಗೆ. ಭಾವ ಚಹಾ ಕುಡಿದರು, ರೊಟ್ಟಿ ಮುರಿದರು, ಏಳುವಾಗ ಅಂದರು:

"ಈ ಮನೇಲಿ ಈಗ ಕಬ್ಬಿಣದ ಪೆಟ್ಟಿಗೇನೇ ದೊಡ್ಡೋರು ಅಂತ ಕಾಣುತ್ತೆ. ಮುಂದಿನ ಸಲ ಅದಕ್ಕೇ ಸಲಾಂ ಹೇಳಿ ಹೋಗ್ತೀನಿ."

ಅವರು ಹೋದ ಮೇಲೆ ಸೊಸೆಯನ್ನು ಕರೆದೆ.

"ನಿಮ್ಮಮ್ಮ ನಿನಗೆ ಬಗ್ಗೋದು ಕಲಿಸಿಲ್ವಾ?"

"ಕಲಿಸಿದ್ದಾರೆ ಅತ್ತೆ. ಆದರೆ ಅವರು ಬಂದಾಗ ಬಾಗಿಲು ಆಗಷ್ಟೇ ತೆಗೆದು ಒಳಗೆ ಕೈ ಹಾಕಿ ರಿಮ್ಮು ತಿರುಗಿಸ್ತಿದ್ದೆ. ಧೂಳು ಕೂರೋ ತನಕ ಮಾಸ್ಕ್ ತೆಗೀಬಾರದು ಅಂತ ನಿಮ್ಮ ಮಗ..."

"ಧೂಳು ಮೊದಲೋ ದೊಡ್ಡೋರು ಮೊದಲೋ?"

ಕೈಲಿದ್ದ ಮಾಸ್ಕನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಮೂತಿ ಮುಚ್ಕೊಂಡು ಸಲಾಂ ಮಾಡೋಕೆ ನಾವೇನು ದರೋಡೆ ಮಾಡ್ತಿದ್ದೀವಾ? ಅದೂ ಹಂದಿ ಮೂತಿ. ಯಾರೇ ದೊಡ್ಡೋರು ಬರಲಿ, ಕೈ ಹೊರಗೆ ತೆಗೀಬೇಕು, ಅದನ್ನ ಬಿಚ್ಚಬೇಕು, ಮುಖ ತೋರಿಸಿ ಬಗ್ಗಬೇಕು. ಆಮೇಲೆ ಬೇಕಾದ್ರೆ ಹಂದಿ ಆಗು, ಒಂಟೆ ಆಗು."

"ಆಯ್ತು ಅತ್ತೆ."

ಬೇಗ ಒಪ್ಪಿಕೊಳ್ಳುತ್ತಾಳೆ. ಅದೇ ನನಗೆ ಇಷ್ಟವಾಗದ್ದು. ಎದುರು ಮಾತಾಡಿದರೆ ನನಗೂ ನಾಲ್ಕು ಮಾತು ಸಿಗುತ್ತಿತ್ತು.

ನವೆಂಬರ್ ೨

ಈಗ ಚೆನ್ನಾಗಿ ಬಗ್ಗುತ್ತಾಳೆ. ಎದೆಯ ಮೇಲೆ ಕೈ ಮಡಚಿ, ಸೊಂಟ ಇಳಿಸಿ, ಕಣ್ಣು ಕೆಳಗೆ. ಮಾಸ್ಕಿನ ಪಟ್ಟಿ ಎಳೆದು ತಲೆಯ ಬಿಳಿ ವಸ್ತ್ರ ಜಾರಿರುತ್ತದೆ, ಅದನ್ನೂ ಸರಿಮಾಡಿಕೊಂಡೇ ಬಗ್ಗುತ್ತಾಳೆ. ನಿನ್ನೆ ಭಾವ ಮತ್ತೆ ಬಂದಾಗ "ಬಾಳಿ ಬದುಕು ಮಗಳೇ" ಎಂದು ತಲೆ ಸವರಿದರು. ಅಂಗೈ ತುಂಬ ಕೆಂಪು ಪುಡಿ. ಪ್ಯಾಂಟಿಗೆ ಒರೆಸಿಕೊಂಡರು.

ಬಲಗೈಯ ಕೈಗವಸು ಹರಿದಿತ್ತು. ಹೊಸದು ತರಿಸಬೇಕು ಎಂದು ಎರ್ನಿಸ್ ರಾಗ ತೆಗೆದ. ನಾಲ್ಕು ಗುಡಾರದ ಕಂಬಳಿ ಹೊಲಿದವಳು ನಾನು. ಒಂಟೆ ಕೂದಲಿನ ದಾರ ತೆಗೆದುಕೊಂಡು ಎರಡು ಸುತ್ತು ಹೊಲಿದೆ. ಎಳೆದು ನೋಡಲಿ, ಕೈ ಹರಿದರೂ ಹೊಲಿಗೆ ಹರಿಯುವುದಿಲ್ಲ.

"ಅಮ್ಮ, ನೀನು ಸೂಜಿ ಹಾಕಿದ ಪ್ರತಿ ತೂತಿಂದಲೂ ಧೂಳು ಬರುತ್ತೆ," ಅಂದ ಎರ್ನಿಸ್.

"ನಿನ್ನ ಬೆನ್ನನ್ನೂ ಹೊಲಿದಿದ್ದಾರೆ. ಅದರಿಂದ ಏನು ಬರ್ತಿದೆ? ಬರೀ ದೂರು."

ಸೊಸೆ ನಗಲಿಲ್ಲ. ಹೊಲಿಗೆಯನ್ನು ಬೆರಳಿನಿಂದ ಸವರಿ "ಚೆನ್ನಾಗಿದೆ ಅತ್ತೆ" ಎಂದಳು. ಆಮೇಲೆ ಕೆಮ್ಮಿದಳು. ಚಳಿ ಶುರುವಾಯಿತು, ಎಲ್ಲರೂ ಕೆಮ್ಮುತ್ತಾರೆ.

ನವೆಂಬರ್ ೮

ಹಾಸಿಗೆ ಬಟ್ಟೆ ಒಗೆದೆ. ಒಣಗುತ್ತಿಲ್ಲ. ಸೊಸೆಗೆ ಕೆಮ್ಮಿಗೆಂದು ಕುರಿ ಬಾಲದ ಕೊಬ್ಬು ಕರಗಿಸಿ ಬಿಸಿ ಹಾಲಿನಲ್ಲಿ ಕೊಟ್ಟೆ. ಮೂಗು ಮುಚ್ಚಿ ಕುಡಿದಳು. ಕೈ ಕಾಲು ಬಿದ್ದುಹೋಗುತ್ತಿದೆ. ಇವತ್ತಿಗೆ ಇಷ್ಟೇ.

ನವೆಂಬರ್ ೧೩

ಬೆಳಗಿನಿಂದ ಜನ. ಭಾವನ ಮಗಳು, ಆಚೆ ಬೀದಿಯ ಮುಲ್ಲಾ, ಗಂಡನ ಜೊತೆ ಲಾರಿ ಓಡಿಸುತ್ತಿದ್ದ ಇಬ್ಬರು ಮುದುಕರು, ಪಕ್ಕದ ಮನೆಯ ಅನಾರ್ಕಾನ್ ಎರಡು ಸಲ. ಅವಳು ನೋಡಲು ಬರುವುದು ನನ್ನ ಮಗನನ್ನಲ್ಲ, ನನ್ನ ಕೆನೆ ಬಟ್ಟಲನ್ನು. ಪ್ರತಿ ಸಲವೂ ಶೆಡ್ಡಿನಲ್ಲಿ ಯಂತ್ರ ನಿಲ್ಲುತ್ತಿತ್ತು, ಇಲ್ಲಿ ನನಗೆ ಕೇಳುತ್ತಿತ್ತು. ನಿಂತಿತು ಅಂದರೆ ಸೊಸೆ ಬಗ್ಗುತ್ತಿದ್ದಾಳೆ ಅಂತ ಅರ್ಥ. ಬಗ್ಗಿದ ಮೇಲೆ ಕೆಮ್ಮು. ಕೆಮ್ಮಿದ ಮೇಲೆ ಮತ್ತೆ ಯಂತ್ರ.

ಅನಾರ್ಕಾನ್ ಅಂದಳು: "ನಿನ್ನ ಸೊಸೆ ಕೆಮ್ಮೋದು ನೋಡಿದ್ರೆ ಯಾರದೋ ಕಣ್ಣು ಬಿದ್ದಿದೆ."

"ಇವತ್ತು ಎರಡು ಸಲ ಬಂದದ್ದು ನೀನೊಬ್ಬಳೇ," ಅಂದೆ.

ಆದರೂ ಮನಸ್ಸು ಕೇಳಲಿಲ್ಲ. ಸಂಜೆ ಬೆಟ್ಟದ ಜುನಿಪರ್ ಕಡ್ಡಿ ಸುಟ್ಟು ಶೆಡ್ಡಿನ ಮೂಲೆ ಮೂಲೆಗೆ ಹೊಗೆ ಹಾಕಿದೆ. ಸೊಸೆಯ ತಲೆಯ ಸುತ್ತಲೂ ಮೂರು ಸಲ ಸುತ್ತಿಸಿದೆ. ಅವಳು ಗೋಡೆ ಹಿಡಿದು ಕೂತುಬಿಟ್ಟಳು. ಉಸಿರು ಒಳಗೆ ಹೋಗುವ ಸದ್ದು ಹರಿದ ತಿದಿಯ ಹಾಗಿತ್ತು. ಒಳಗಿನಿಂದ ಎರ್ನಿಸ್ ಕೂಗಿದ. ನನ್ನ ಮೇಲೆ ಅವನು ದನಿ ಎತ್ತಿದ್ದು ಹುಟ್ಟಿದಾಗ ಒಂದು ಸಲ, ಈಗ ಒಂದು ಸಲ.

"ಅಮ್ಮ, ಮಾಸ್ಕ್ ತೆಗೀಬೇಡ ಅಂತ ನಾನು ಹೇಳ್ತೀನಿ, ತೆಗಿ ಅಂತ ನೀನು ಹೇಳ್ತೀಯ. ಅವಳು ಯಾರ ಮಾತು ಕೇಳಬೇಕು?"

"ಅತ್ತೆ ಮಾತು."

"ಗೊತ್ತಿತ್ತು," ಎಂದು ಗೋಡೆಯ ಕಡೆ ತಿರುಗಲು ಹೋದ. ಬೆನ್ನು ಬಿಡಲಿಲ್ಲ. ಸೂರು ನೋಡಿಕೊಂಡೇ ಮುನಿಸಿಕೊಂಡ.

ನವೆಂಬರ್ ೨೦

ಸೊಸೆಯನ್ನು ಎದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎರ್ನಿಸ್ ಏಳುವ ಹಾಗಿಲ್ಲ, ಇನ್ನು ಯಾರು ಹೋಗಬೇಕು. ಸಾಲಿನಲ್ಲಿ ಕೂತು ಕೂತು ಸೊಂಟ ಮರಗಟ್ಟಿತು. ನರ್ಸು ಬಾಗಿಲಲ್ಲಿ ನಿಂತು "ಜಿಪಾರಾ" ಎಂದು ಕೂಗಿದಳು. ಒಂದು ಕ್ಷಣ ಯಾರನ್ನು ಕರೆಯುತ್ತಿದ್ದಾಳೆ ಅನ್ನಿಸಿತು.

ಡಾಕ್ಟರು ಚಿಕ್ಕ ಹುಡುಗಿ, ನನ್ನ ದೊಡ್ಡ ಮಗಳಿಗಿಂತ ಚಿಕ್ಕವಳು. ಎದೆಯ ಫಿಲಮ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಪಕ್ಕೆಲುಬುಗಳ ನಡುವೆ ಹತ್ತಿ ಎಳೆದು ಹರಡಿದ ಹಾಗೆ ಬೆಳ್ಳಗೆ.

"ಏನು ಕೆಲಸ ಮಾಡ್ತೀರಮ್ಮ?"

ಜಿಪಾರಾ ಹೇಳಿದಳು.

"ಮಾಸ್ಕ್ ಇದ್ಯಾ?"

"ಇದೆ. ಒಳ್ಳೇದೇ ಇದೆ."

"ಇದ್ದರೆ ಹೀಗಾಗಲ್ಲ. ಆಗಾಗ ತೆಗೀತೀರಾ?"

ಜಿಪಾರಾ ಕೆಳಗೆ ನೋಡಿದಳು. ನನ್ನ ಬೂಟು ನೋಡುತ್ತಿದ್ದಳೋ, ತನ್ನದೋ. "ತೆಗೀತೀನಿ. ಚಹಾ ಕುಡಿಯೋಕೆ," ಅಂದಳು.

ಸುಳ್ಳು. ಅವಳು ಶೆಡ್ಡಿನಲ್ಲಿ ಒಂದು ಗುಟುಕು ಚಹಾ ಕುಡಿದವಳಲ್ಲ. ನಿಜ ಹೇಳಬಹುದಿತ್ತು, ನಾನು ಪಕ್ಕದಲ್ಲೇ ಇದ್ದೆ. ಹೇಳಲಿಲ್ಲ. ಮೊಂಡು ಹುಡುಗಿ.

ಡಾಕ್ಟರು ಅಂದಳು: "ಕಣ್ಣಿಗೆ ಕಾಣೋ ಧೂಳು ಕೆಳಗೆ ಬೀಳುತ್ತೆ, ಅದರಿಂದ ಅಷ್ಟು ಭಯ ಇಲ್ಲ. ಕಾಣದ್ದು ಗಾಳೀಲೇ ನಿಂತಿರುತ್ತೆ. ತುಕ್ಕು, ಹಳೇ ಬಣ್ಣ, ಎಲ್ಲ ಅದರಲ್ಲೇ. ಈಗ ಎದೆ ಊದಿದೆ, ವಾಸಿಯಾಗುತ್ತೆ. ಹೀಗೇ ಮುಂದುವರಿದರೆ ಗಟ್ಟಿಯಾಗುತ್ತೆ. ಗಟ್ಟಿಯಾದ ಮೇಲೆ ನನ್ನ ಹತ್ತಿರ ಔಷಧಿ ಇಲ್ಲ. ಯಾರ ಹತ್ತಿರಾನೂ ಇಲ್ಲ."

"ಗಟ್ಟಿ ಅಂದ್ರೆ?" ನಾನು ಕೇಳಿದೆ.

"ಒಣಗಿಸಿದ ಚರ್ಮ ನೋಡಿದ್ದೀರಲ್ಲ ಅಜ್ಜಿ. ಹಾಗೆ."

ನೋಡಿದ್ದೇನೆ. ನೆನೆಸಿದರೂ ಮೆತ್ತಗಾಗುವುದಿಲ್ಲ.

ಧೂಳಿಂದ ದೂರ ಇರಬೇಕು, ವಸಂತದವರೆಗೆ ಅಂದಳು. ದಾರಿಯಲ್ಲಿ ಜಿಪಾರಾ ಅಂದದ್ದು ಇಷ್ಟು: "ತಗೊಂಡಿರೋ ರಿಮ್ಮುಗಳನ್ನ ಮುಗಿಸಿಬಿಡ್ತೀನಿ ಅತ್ತೆ. ಮಾತು ಕೊಟ್ಟಿದ್ದೀವಿ. ಹೊಸದು ತಗೊಳ್ಳೋದು ಬೇಡ." ವ್ಯಾನಿನಲ್ಲಿ ಅವಳು ತಲೆವಸ್ತ್ರದ ತುದಿಯಲ್ಲಿ ಬಾಯಿ ಮುಚ್ಚಿ ಕೆಮ್ಮಿದಾಗ ಪಕ್ಕದ ಸೀಟಿನ ಹೆಂಗಸು ದೂರ ಸರಿದಳು. ನಾನು ಅವಳನ್ನು ನೋಡಿದೆ. ಮತ್ತೆ ಹತ್ತಿರ ಸರಿದು ಕೂತಳು.

ನವೆಂಬರ್ ೨೨

ಬಂದವರ ಬೂಟಿನ ಕೊಳೆಯಿಂದ ಒಳಗಿನ ಜಮಖಾನ ಹಾಳಾಗುತ್ತಿದೆ. ಅದಕ್ಕೆ ಇವತ್ತು ಗೇಟಿನ ಹೊರಗೆ ಬೆಂಚು ಹಾಕಿ ನಾನೇ ಕೂತೆ. ಹಿಂದಿನ ತೋಟದ ಬೇಲಿಯಲ್ಲಿ ಎರಡು ಹಲಗೆ ಕೀಳಿಸಿದ್ದೇನೆ. ಬಂದವರು ಆಲೂಗಡ್ಡೆ ಮಡಿ ದಾಟಿ ಆ ಕಡೆಯಿಂದ ಒಳಗೆ ಹೋಗಲಿ. ಹೊಸ ಕೈಗವಸೂ ಬಂದಿದೆ. ನನ್ನ ಹೊಲಿಗೆಯದು ಎಲ್ಲಿ ಹೋಯಿತೋ ಗೊತ್ತಿಲ್ಲ, ಒಲೆಗೆ ಹಾಕಿರಬೇಕು. ಹಾಕಿದವಳು ನಾನೇ ಇರಬಹುದು.

ಅನಾರ್ಕಾನ್ ಬಂದಳು.

"ಏನೇ, ಬೀದಿಗೆ ಬಂದು ಕೂತಿದ್ದೀಯ? ಸೂರ್ಯಕಾಂತಿ ಬೀಜ ಮಾರ್ತಿದ್ದೀಯಾ?"

"ತೋಟದ ಕಡೆಯಿಂದ ಹೋಗು. ಒಳಗೆ ಕೆಲಸ ನಡೀತಿದೆ."

"ನಾನು ಹುಡುಗೀನ ಮಾತಾಡಿಸಿಕೊಂಡು..."

"ಹುಡುಗಿ ಮಾತಾಡಲ್ಲ. ಮಾತಾಡೋಕೆ ನಾನಿದ್ದೀನಲ್ಲ, ಸಾಲದಾ?"

ಸಾಕು ಎಂದು ಅವಳ ಮುಖ ಹೇಳಿತು.

ನವೆಂಬರ್ ೨೮

ಚಳಿ ಮೂಳೆಗೆ ಇಳಿದಿದೆ. ಬೆಂಚಿನ ಮೇಲೆ ಕುರಿ ಚರ್ಮ ಹಾಸಿಕೊಂಡು ಕೂರುತ್ತೇನೆ. ಒಳಗೆ ಯಂತ್ರದ ಸದ್ದು ನಿಂತ ಮೇಲೂ ಫ್ಯಾನಿನ ಗುಂಯ್ ಸದ್ದು ಉಳಿದಿರುತ್ತದೆ. ಅದು ಸಾಕಷ್ಟು ಹೊತ್ತು ಓಡಿದ ಮೇಲೇ ಬಾಗಿಲ ಚಿಲಕದ ಸದ್ದು ಬರಬೇಕು. ಮೊದಲೇ ಬಂದರೆ ನಾನು ಗೇಟಿಗೆ ಕೋಲಿನಿಂದ ಬಡಿಯುತ್ತೇನೆ. ಇಲ್ಲಿಯವರೆಗೆ ಒಂದೇ ಸಲ ಬಡಿಯಬೇಕಾಯಿತು.

ಇವತ್ತು ಶಾರ್ಶೆನ್ ಭಾವ. ತೋಟದ ಕಡೆ ಹೋಗಿ ಅಂದೆ. ಕೋಲು ಊರಿ ನಿಂತರು.

"ನನ್ನ ತಮ್ಮನ ಮನೆಗೆ ನಾನು ಕಳ್ಳನ ಹಾಗೆ ಬೇಲಿ ಹಾರಿ ಹೋಗಬೇಕಾ?"

"ಹಾರಬೇಡಿ, ಹಲಗೆ ತೆಗೆಸಿದ್ದೀನಿ. ಇಲ್ಲಾಂದ್ರೆ ಇಲ್ಲೇ ಕೂರಿ, ಧೂಳು ಕೂತ ಮೇಲೆ ಹೋಗೋರಂತೆ."

"ಧೂಳಂತೆ ಧೂಳು. ಜೀವಮಾನವೆಲ್ಲ ಇಟ್ಟಿಗೆ ಭಟ್ಟೀಲಿ ಧೂಳು ಕುಡಿದವನು ನಾನು. ಏನಾಗಿದೆ ನನಗೆ?"

"ಅದಕ್ಕೇ ಮೆಟ್ಟಿಲು ಹತ್ತುವಾಗ ಕೊಳಲು ಊದ್ತೀರಿ."

ಭಾವನಿಗೆ ಕೋಪ ಬಂತು. ಗಡ್ಡ ಅಲ್ಲಾಡಿತು. "ಸೊಸೆ ಹೊರಗೆ ಬಂದು ಬಗ್ಗಲಿ. ಆಮೇಲೆ ಕೂರ್ತೀನಿ. ಇಲ್ಲ ಅಂದ್ರೆ ಈ ಮನೆ ಹೊಸಿಲು ನಾನು ತುಳಿಯಲ್ಲ."

ಫ್ಯಾನು ಇನ್ನೂ ಓಡುತ್ತಿತ್ತು. ನಾನು ಎದ್ದೆ. ಎದೆಯ ಮೇಲೆ ಕೈ ಮಡಚಿ ಬಗ್ಗಿದೆ. ನಾನೂ ಅವರಿಗೆ ತಮ್ಮನ ಹೆಂಡತಿಯೇ, ಈ ಮನೆಯ ಸೊಸೆಯೇ. ಹೊಸದಾಗಿ ಬಂದಾಗ ಬಗ್ಗುತ್ತಿದ್ದಷ್ಟೇ ಬಗ್ಗಿದೆ. ಬೀದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿ ನೋಡಿದರು.

ಭಾವ ತಬ್ಬಿಬ್ಬಾದರು. "ಏಳಮ್ಮ, ಏಳು. ಏನಿದು, ಈ ವಯಸ್ಸಲ್ಲಿ."

"ಏಳೋಕೆ ಆಗ್ತಿಲ್ಲ. ಕೈ ಕೊಡಿ."

ಕೈ ಕೊಟ್ಟರು. ಇಬ್ಬರೂ ಬೆಂಚಿನ ಮೇಲೆ ಕೂತೆವು. ಆಮೇಲೆ ಎಷ್ಟೋ ಹೊತ್ತಿನ ತನಕ ಕುರಿ ಬೆಲೆ ಮಾತಾಡಿದರು. ಸೊಂಟ ಹಿಡಿದಿದೆ, ಎಣ್ಣೆ ಹಚ್ಚಿಕೊಳ್ಳಬೇಕು.

ಡಿಸೆಂಬರ್ ೩

ಹಿಮ ಬಿತ್ತು. ಬೀಗಿತ್ತಿ ಬಂದಳು, ಜಿಪಾರಾಳ ತಾಯಿ. ಕೊಚ್ಕೋರ್‌ನಿಂದ, ಕಣಿವೆ ದಾಟಿ, ಮುನ್ಸೂಚನೆ ಇಲ್ಲದೆ. ಬೀಗಿತ್ತಿ ಬಂದರೆ ಎದುರು ಹೋಗಿ ತಬ್ಬಿಕೊಳ್ಳಬೇಕು, ಕೋಟು ಬಿಡಿಸಬೇಕು, ಒಲೆಯ ಪಕ್ಕ ಮೇಲಿನ ಜಾಗದಲ್ಲಿ ಕೂರಿಸಬೇಕು, ಕುರಿ ಕಡಿಯಬೇಕು. ನಾನು ಅವಳನ್ನು ಗೇಟಿನಲ್ಲಿ ತಡೆದೆ.

"ಸ್ವಲ್ಪ ಕೂತ್ಕೋ ಬೀಗಿತ್ತಿ."

"ಇಲ್ಲೇನಾ? ಈ ಹಿಮದಲ್ಲಿ?"

"ಇಲ್ಲೇ. ತೋಟದ ಕಡೆ ಜಾರುತ್ತೆ, ಬಿದ್ದರೆ ನಿನ್ನನ್ನೂ ಮಲಗಿಸಿ ಮುಖ ಒರೆಸಬೇಕಾಗುತ್ತೆ. ಒಳಗೆ ನಿನ್ನ ಮಗಳು ಇವತ್ತಿನ ನಾಲ್ಕು ರಿಮ್ಮು ಮಾಡ್ತಿದ್ದಾಳೆ."

ಅವಳ ಮುಖ ನೋಡಿದರೆ ನಮ್ಮ ನೆಂಟಸ್ತನ ಇಲ್ಲಿಗೆ ಮುಗಿಯಿತು ಅನ್ನಿಸುತ್ತಿತ್ತು. ನಾನು ಹೀಗೆ ನಿಂತು ಕಾಯಬೇಕಾಗಿದ್ದರೆ ಆ ಮನೆಯ ನೀರೂ ಕುಡಿಯುತ್ತಿರಲಿಲ್ಲ. ಅವಳು ಕೂತಳು. ಕೂರದೆ ಏನು ಮಾಡುತ್ತಾಳೆ, ಕಾಲು ಸೋತಿತ್ತು.

"ಮಗಳಿಗೆ ಎದೆ ಹುಷಾರಿಲ್ಲ ಅಂತ ಗೊತ್ತಾಯ್ತು," ಅಂದಳು. "ಅವಳು ಹೇಳಲಿಲ್ಲ. ಅಳಿಯ ಹೇಳಿದ. ಇನ್ನೂ ಕೆಲಸ ಮಾಡಿಸ್ತಿದ್ದೀಯಾ?"

"ಮಾಡಿಸ್ತಿದ್ದೀನಿ."

"ಊರೆಲ್ಲ ನೀನು ಕೆಟ್ಟ ಮುದುಕಿ ಅಂತಾರೆ."

"ಊರಿನೋರು ಒಂದೊಂದು ಸಲ ನಿಜ ಹೇಳ್ತಾರೆ."

"ಕರ್ಕೊಂಡು ಹೋಗೋಕೆ ಬಂದಿದ್ದೀನಿ. ವಾಪಸ್ ಕಳಿಸ್ತೀನೋ ಇಲ್ವೋ ಈಗ ಹೇಳಲ್ಲ."

ಎರ್ನಿಸ್‌ನ ಮುಖ ಕಣ್ಣ ಮುಂದೆ ಬಂತು. ಮನೆಯ ಪಾತ್ರೆ, ಒಲೆ, ಅವನ ತಟ್ಟೆ, ಎಲ್ಲ ಬಂತು. ಬೇಡ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗೆ ಜಿಪಾರಾ ಕೆಮ್ಮಿದಳು. ಮಾಸ್ಕಿನೊಳಗಿಂದ ಕೆಮ್ಮು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ. ಬೀಗಿತ್ತಿ ಎದ್ದು ಗೇಟು ತಳ್ಳಲು ಹೋದಳು. ತೋಳು ಹಿಡಿದೆ.

"ಈಗ ನೀನು ಹೋದ್ರೆ ಅವಳು ಮಾಸ್ಕ್ ಕಿತ್ತೆಸೆದು ಓಡಿ ಬರ್ತಾಳೆ. ಬಾಗಿಲು ತೆಗೆದ ಹೊತ್ತು, ಧೂಳೆಲ್ಲ ಎದ್ದಿರುತ್ತೆ. ತಾಯೀನ ನೋಡಿ ಯಾರು ಮಾಸ್ಕ್ ಹಾಕ್ಕೊಂಡು ನಿಲ್ತಾರೆ? ಕೂತ್ಕೋ."

ಕೂತಳು. ನನ್ನ ಕೈ ಅವಳ ತೋಳಿನ ಮೇಲೇ ಇತ್ತು, ತೆಗೆಯುವುದು ಮರೆತೆ. ಇಬ್ಬರ ತಲೆಯ ಮೇಲೂ ಹಿಮ. ಮದುವೆ ದಿನ ಕೂಡ ಇಷ್ಟು ಹತ್ತಿರ ಕೂತಿರಲಿಲ್ಲ.

"ಇನ್ನೂ ಎಷ್ಟು ಹೊತ್ತು?"

"ಫ್ಯಾನು ನಿಲ್ಲೋ ತನಕ."

ಫ್ಯಾನು ನಿಂತಿತು. ಜಿಪಾರಾ ಒಳಬಾಗಿಲಿನಿಂದ ಅಂಗಳಕ್ಕೆ ಹೋಗಿ, ಕೈ ಮುಖ ತೊಳೆದು, ಬೇರೆ ತಲೆವಸ್ತ್ರ ಕಟ್ಟಿಕೊಂಡು ಗೇಟಿಗೆ ಬಂದಳು. ತಾಯಿಯನ್ನು ನೋಡಿ ಅಲ್ಲೇ ನಿಂತುಬಿಟ್ಟಳು. ನನ್ನ ಮುಖ ನೋಡಿದಳು, ಅಪ್ಪಣೆ ಕೇಳುವ ಹಾಗೆ.

"ನನ್ನ ಮುಖ ಏನು ನೋಡ್ತೀಯ? ನಿಮ್ಮಮ್ಮನ್ನ ನೋಡು. ನಾಳೆ ಅವರ ಜೊತೆ ಹೊರಡು. ಅಲ್ಲಿ ಬೆಟ್ಟದ ಗಾಳಿ ಇದೆ."

"ಅತ್ತೆ, ಅವರನ್ನ ಯಾರು ನೋಡ್ಕೋತಾರೆ? ಇನ್ನೂ ಎಂಟು ರಿಮ್ಮು..."

"ಅವನನ್ನ ಹೆತ್ತದ್ದು ನಾನು. ರಿಮ್ಮನ್ನ ಯಾರೂ ಹೆತ್ತಿಲ್ಲ, ಕಾಯುತ್ತೆ."

ಬೀಗಿತ್ತಿ ಒಳಗೆ ಹೋಗಿ ಮೇಲಿನ ಜಾಗದಲ್ಲಿ ತಾನೇ ಕೂತಳು.

ಡಿಸೆಂಬರ್ ೪

ಹೋದರು. ಕಾರು ಹತ್ತುವ ಮುಂಚೆ ಜಿಪಾರಾ ಕೈ ಮಡಚಿ ಬಗ್ಗಲು ಬಂದಳು.

"ಬಗ್ಗಬೇಡ. ಬಗ್ಗಿದ್ರೆ ಕೆಮ್ಮು ಬರುತ್ತೆ," ಅಂದೆ.

ಎರ್ನಿಸ್ ಮಧ್ಯಾಹ್ನ ಊಟ ಮಾಡಲಿಲ್ಲ. ನಾನೂ ಮಾಡಲಿಲ್ಲ, ಅವನಿಗೆ ಹೇಳಲಿಲ್ಲ ಅಷ್ಟೇ.

ಡಿಸೆಂಬರ್ ೧೪

ಎರ್ನಿಸ್ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಸ್ವಲ್ಪ ಹೊತ್ತು ಕೂರುತ್ತಾನೆ. ಎತ್ತುವ ಹಾಗಿಲ್ಲ, ನಿಲ್ಲುವ ಹಾಗಿಲ್ಲ. ಉಳಿದ ರಿಮ್ಮಿನ ಒಡೆಯರು ದಿನಾ ಬರುತ್ತಿದ್ದಾರೆ. ಕಾಯುತ್ತೆ ಅಂದಿದ್ದ ರಿಮ್ಮು ಕಾಯಲಿಲ್ಲ. ಕೊನೆಗೆ ನಾನೇ ಮಾಡುತ್ತೇನೆ ಅಂದೆ. ಅವನು ಅಂಗಳದ ಬಾಗಿಲಲ್ಲಿ, ತಾನೂ ಒಂದು ಮಾಸ್ಕ್ ಹಾಕಿಕೊಂಡು, ಸ್ಟೂಲಿನ ಮೇಲೆ ಕೂತ.

"ಮೊದಲು ಫ್ಯಾನು, ಅಮ್ಮ."

"ನಿನಗೆ ನಡೆಯೋದು ಕಲಿಸಿದೋಳು ನಾನು."

"ಅದಕ್ಕೇ ಹೀಗೆ ನಡೀತಿದ್ದೀನಿ. ಫ್ಯಾನು ಹಾಕು. ಕೈಗವಸು ತಿರುಗಿಸಿ ನೋಡು, ತೂತಿದ್ಯಾ? ಚಿಲಕ. ನಳಿಗೆ ರಿಮ್ಮಿನ ಕಡೆಗೇ ಇರಲಿ, ನಿನ್ನ ಇನ್ನೊಂದು ಕೈ ಕಡೆ ತಿರುಗಿಸಬೇಡ. ಈಗ ಪೆಡಲ್."

ಹಂದಿ ಮೂತಿ ನನ್ನ ಮೂತಿಗೇ ಬಂತು. ಒಳಗೆ ನನ್ನ ಉಸಿರು ನನಗೇ ಕೇಳುತ್ತದೆ, ಮುದಿ ಒಂಟೆಯ ಉಸಿರು. ಪೆಡಲ್ ಒತ್ತಿದೆ. ಕೈಯಲ್ಲಿ ಕಾಡುಕುದುರೆ ಹಿಡಿದ ಹಾಗಾಯಿತು. ಕಿಟಕಿಯೊಳಗೆ ಮೋಡ ಎದ್ದಿತು, ಮೋಡದೊಳಗೆ ಕಬ್ಬಿಣ ಬೆಳ್ಳಗಾಗುತ್ತ ಬಂತು. ಚಂದವೇ ಅನ್ನಬೇಕು.

ಒಂದು ವಿಷಯ. ಪೆಟ್ಟಿಗೆಯ ಮುಂದೆ ನಿಂತರೆ ಹಿಂದೆ ಯಾರು ಬಂದರೂ ಕಾಣುವುದಿಲ್ಲ, ಏನೂ ಕೇಳುವುದಿಲ್ಲ. ಹಾಗಿದ್ದ ಮೇಲೆ ದೊಡ್ಡವರು ಬಂದದ್ದು ಅವಳಿಗೆ ಪ್ರತಿ ಸಲ ಹೇಗೆ ತಿಳಿಯುತ್ತಿತ್ತು? ಬೆನ್ನಿಗೆ ಕಣ್ಣಿಟ್ಟುಕೊಂಡು ಕೆಲಸ ಮಾಡುತ್ತಿದ್ದಳೇನೋ. ಅದು ಎಷ್ಟು ಆಯಾಸ.

ಡಿಸೆಂಬರ್ ೨೯

ಇವತ್ತು ಎರಡು ರಿಮ್ಮು ಮುಗಿಸಿದೆ. ಶಾರ್ಶೆನ್ ಭಾವ ಬಂದು ಹೊರಗೆ ನಿಂತಿದ್ದರಂತೆ. ನಾನು ಪೆಟ್ಟಿಗೆ ಬಿಟ್ಟು ಬರಲಿಲ್ಲ. ತಾವೇ ಬೆಂಚಿನ ಹಿಮ ಒರೆಸಿ ಕೂತರಂತೆ. ಕೊಚ್ಕೋರ್‌ನಿಂದ ನನಗೆ ಸುದ್ದಿ ಇಲ್ಲ. ಜಿಪಾರಾ ಎರ್ನಿಸ್ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ, ಅವನು ನನಗೆ "ಚೆನ್ನಾಗಿದ್ದಾಳೆ" ಅಷ್ಟೇ ಹೇಳುತ್ತಾನೆ. ಅವಳೂ ಹೀಗೇ ಡಾಕ್ಟರಿಗೆ ಚಹಾ ಅಂದಿದ್ದಳು. ಇವರ "ಚೆನ್ನಾಗಿದೆ"ಯನ್ನು ನಾನು ನಂಬುವುದಿಲ್ಲ.

ಜನವರಿ ೧೯

ಕೈ ಪೆಟ್ಟಿಗೆಯೊಳಗಿದ್ದಾಗ ಎರ್ನಿಸ್ ಬಾಗಿಲಿನಿಂದ ಫೋನು ಮೇಲೆತ್ತಿ ತೋರಿಸಿದ. ಜಿಪಾರಾ, ನನ್ನನ್ನೇ ಕೇಳುತ್ತಿದ್ದಾಳೆ ಎಂದು ಸನ್ನೆ ಮಾಡಿದ. ಪೆಡಲ್ ಬಿಟ್ಟೆ. ಓಡಿ ಹೋಗಿ ಹಿಡಿಯಬೇಕು ಅನ್ನಿಸಿತು. ಹೋಗಲಿಲ್ಲ. ಕಿಟಕಿಯೊಳಗಿನ ಮೋಡ ತೆಳುವಾಗುವುದನ್ನು ನೋಡುತ್ತ ನಿಂತೆ. ರಿಮ್ಮಿನ ಅಂಚು ಕಂಡಿತು, ಆಮೇಲೆ ಅದರ ತೂತುಗಳು, ಆಮೇಲೆ ಹಿಂದಿನ ಗೋಡೆ. ಆಮೇಲೆ ಕೈ ತೆಗೆದು, ಅಂಗಳಕ್ಕೆ ಹೋಗಿ, ಮುಖ ತೊಳೆದು ಫೋನು ತೆಗೆದುಕೊಂಡೆ. ಅಷ್ಟು ಹೊತ್ತೂ ಅವಳು ಇಟ್ಟಿರಲಿಲ್ಲ.

"ಅತ್ತೆ, ನೀವು ಪೆಟ್ಟಿಗೆ ಹತ್ತಿರ ನಿಲ್ತೀರಂತೆ. ನಿಜವಾ?"

"ಯಾಕೆ, ನಿನಗೊಬ್ಬಳಿಗೇ ಕೈ ಇರೋದಾ?"

"ಮಾಸ್ಕ್ ಹಾಕ್ಕೋತೀರಾ?"

"ಹಾಕ್ಕೋತೀನಿ."

"ಯಾರಾದ್ರೂ ಬಂದ್ರೆ?"

"ನಿಲ್ತಾರೆ."

"ದೊಡ್ಡ ಮಾವ ಬಂದ್ರೆ?"

"ಅವರೂ ನಿಲ್ತಾರೆ. ನಿಂತು ನಿಂತು ಕಾಲು ಗಟ್ಟಿಯಾಗಿದೆ, ಬೇರೆ ಮದುವೆ ಮಾಡ್ಕೋಬಹುದು ಅಂತ ಅನಾರ್ಕಾನ್ ಹೇಳ್ತಿದ್ದಾಳೆ."

ನಕ್ಕಳು. ಎರಡು ವರ್ಷದಲ್ಲಿ ಈ ಮನೆಯಲ್ಲಿ ಅವಳು ಹಾಗೆ ನಕ್ಕದ್ದು ನನಗೆ ನೆನಪಿಲ್ಲ. ನಕ್ಕು ಸುಮ್ಮನಾದಳು. ನಾನು ಫೋನು ಕಿವಿಗೆ ಒತ್ತಿಕೊಂಡು ಕಾದೆ. ಆ ಕಡೆ ಗಾಳಿಯ ಸದ್ದು, ಎಲ್ಲೋ ನಾಯಿ ಬೊಗಳಿದ್ದು, ಬೀಗಿತ್ತಿ ಯಾರನ್ನೋ ಬೈಯುತ್ತಿದ್ದದ್ದು.

"ಅತ್ತೆ? ಇದ್ದೀರಾ?"

"ಇದ್ದೀನಿ, ಸುಮ್ಮನಿರು," ಅಂದೆ.

ಇನ್ನೂ ಸ್ವಲ್ಪ ಹೊತ್ತು ಕಾದೆ. ಕೆಮ್ಮು ಬರಲಿಲ್ಲ.